ಟವರಿನ ಒಳಗಿನ ಸಾಫ್ಟ್‌ವೇರ್‌ಗೆ ಕೈಜೋಡಿಸುವವರು ಬೇಕು

ಕಳೆದ ತಿಂಗಳು ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಫೋನ್ ಮಾಡಿದ್ದರು. "ಏನವಾ, ಹುಬ್ಬಳ್ಳಿಗೆ ಹೋದ ಮ್ಯಾಲ ನಮ್ಮನ್ನ ಮರತೇಬಿಟ್ಟಿ. ಕಾಲೇಜಿನ ಪತ್ರಿಕೆಗೆ ಏನರ ಬರದು ಕೊಡು. ನಮ್ಮ ಹುಡುಗರಿಗೆ ಉಪಯೋಗ ಆಗೋ ಹಂಗ ಇರಬೇಕು ನೋಡು" ಎಂದರು. ನೀವು ಈಗ ಕುಳಿತಿರುವ ತರಗತಿಯಲ್ಲೇ ಮೂರನೆಯ ಬೆಂಚಿನಲ್ಲಿ ಕುಳಿತು ಪಿಯುಸಿ ಮುಗಿಸಿದವಳು ನಾನು. ಈಗ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಉಪಯೋಗವಾಗುವಂಥದ್ದು ಏನು ಬರೆಯಲಿ ಎಂದು ಯೋಚಿಸಿದಾಗ ನೆನಪಾದದ್ದು ಒಂದು ರಾತ್ರಿ.

ಅಂದು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕೊನೆಯ ದಿನ. ಫಾರಂ ತುಂಬಿ ಆಗಿತ್ತು. ಒಟಿಪಿ ಮಾತ್ರ ಬರಲಿಲ್ಲ. ನಮ್ಮ ಹಳ್ಳಿ ನವಲಗುಂದ ತಾಲ್ಲೂಕಿನಲ್ಲಿ ಬೆಣ್ಣಿಹಳ್ಳದ ದಂಡೆಯ ಮೇಲಿದೆ. ಮಾಳಿಗೆ ಹತ್ತಿದೆ, ಫೋನ್ ಮೇಲೆತ್ತಿ ಹಿಡಿದೆ. ಒಟಿಪಿ ಬಂತು, ಆದರೆ ಅದರ ಅವಧಿ ಮುಗಿದ ಮೇಲೆ ಬಂತು. ಕೊನೆಗೆ ಅಬ್ಬಾ ಬೈಕ್ ಮೇಲೆ ಕೂರಿಸಿಕೊಂಡು ದೊಡ್ಡ ರಸ್ತೆಯವರೆಗೆ ಕರೆದುಕೊಂಡು ಹೋದರು. ರಾತ್ರಿ ಹನ್ನೊಂದರ ಹೊತ್ತಿಗೆ ಮೂರನೆಯ ಪ್ರಯತ್ನದಲ್ಲಿ ನನ್ನ ಅರ್ಜಿ ಹೋಯಿತು. ನಮ್ಮದೇ ಓಣಿಯ ನನ್ನ ಗೆಳತಿಯದು ಹೋಗಲಿಲ್ಲ. ಅವಳ ಮನೆಯಲ್ಲಿ ಬೈಕ್ ಇರಲಿಲ್ಲ.

ನಾಲ್ಕೋ ಆರೋ ಅಂಕಿಗಳ ಒಂದು ಸಂದೇಶ ಒಬ್ಬಳ ಓದನ್ನು ನಿಲ್ಲಿಸಬಹುದು ಎಂದು ಅಂದು ತಿಳಿಯಿತು. ಆ ಸಂದೇಶವನ್ನು ಹೊತ್ತು ತರುವ ವ್ಯವಸ್ಥೆಯ ಪ್ರೋಗ್ರಾಂ ಬರೆಯುವವರು ಯಾರು, ನಮ್ಮಂಥವರು ಅದನ್ನು ನೋಡಬಹುದೇ, ತಿದ್ದಬಹುದೇ ಎಂಬ ಪ್ರಶ್ನೆ ಅಂದಿನಿಂದ ಬೆನ್ನು ಹತ್ತಿತು. ನೋಡಬಹುದು, ತಿದ್ದಲೂಬಹುದು. ಅಂಥ ಕೆಲಸಕ್ಕೆ ಜನ ಸಾಲದೆ ಕಾಯುತ್ತಿರುವವರೂ ಇದ್ದಾರೆ. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಫೋನಿನ ಒಳಗೂ ಟವರಿನ ಹಿಂದೂ

ನಿಮ್ಮ ಫೋನಿನಲ್ಲಿ ಕೆಲಸ ಮಾಡುವುದು ಒಂದು ಕಂಪ್ಯೂಟರ್ ಅಲ್ಲ, ಎರಡು. ಒಂದು ನಮಗೆ ಕಾಣುವ ಆಂಡ್ರಾಯ್ಡ್ ನಡೆಸುವಂಥದ್ದು. ಆಂಡ್ರಾಯ್ಡ್‌ನ ತಿರುಳು ಲಿನಕ್ಸ್. ಅದನ್ನು ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ. ಇಂದು ಸಾವಿರಾರು ಜನ ಸೇರಿ ಬೆಳೆಸುತ್ತಿದ್ದಾರೆ. ಇನ್ನೊಂದು ಕಂಪ್ಯೂಟರ್ ಕಣ್ಣಿಗೆ ಕಾಣುವುದಿಲ್ಲ. ಅದರ ಹೆಸರು ಬೇಸ್‌ಬ್ಯಾಂಡ್. ಟವರಿನ ಜೊತೆ ಮಾತಾಡುವುದು ಅದರ ಕೆಲಸ. ಅದರ ಪ್ರೋಗ್ರಾಂ ಸಾಮಾನ್ಯವಾಗಿ ಕಂಪನಿಗಳ ಗುಟ್ಟು.

ಫೋನಿನಿಂದ ಹೊರಟ ಸಂಕೇತ ಟವರಿನಲ್ಲಿರುವ ಬೇಸ್ ಸ್ಟೇಷನ್ ತಲುಪುತ್ತದೆ. ಅದರ ಹಿಂದೆ ಕೋರ್ ಎಂಬ ಕೇಂದ್ರ ವ್ಯವಸ್ಥೆ ಇದೆ. ಇದು ಯಾರ ಸಿಮ್, ಗ್ರಾಹಕ ಈಗ ಯಾವ ಪ್ರದೇಶದಲ್ಲಿದ್ದಾನೆ, ಕರೆಯನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಕೋರ್. ಪ್ರತಿ ಸಿಮ್‌ಗೂ ಸಾಮಾನ್ಯವಾಗಿ 15 ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಭಾರತದ್ದು 404 ಮತ್ತು 405. ಪ್ರಯೋಗಕ್ಕೆಂದು ಮೀಸಲಿಟ್ಟಿರುವುದು 001. ಈ 001ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಟವರು, ಕೋರ್ ಎರಡರ ಸಾಫ್ಟ್‌ವೇರ್ ಬಹುಕಾಲ ಬೆರಳೆಣಿಕೆಯ ದೊಡ್ಡ ಕಂಪನಿಗಳ ಕೈಯಲ್ಲೇ ಇತ್ತು. ವಿಚಿತ್ರವೆಂದರೆ ನಿಯಮಗಳು ಗುಟ್ಟಲ್ಲ. 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಎಲ್ಲ ನಿಯಮಗಳನ್ನೂ ಪ್ರಕಟಿಸುತ್ತದೆ, ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಆ ನಿಯಮದಂತೆ ನಡೆಯುವ ಪ್ರೋಗ್ರಾಂ ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿತ್ತು.

ಆ ಪೆಟ್ಟಿಗೆಯನ್ನು ತೆರೆದವರಲ್ಲಿ ಮೊದಲಿಗರ ಸಾಲಿನಲ್ಲಿ ಬರುವವರು ಜರ್ಮನಿಯ ಹೆರಾಲ್ಡ್ ವೆಲ್ಟೆ ಮತ್ತು ಅವರ ಗೆಳೆಯರು. ಹಳೆಯದೊಂದು ಜಿಎಸ್ಎಂ ಬೇಸ್ ಸ್ಟೇಷನ್ ಕೊಂಡು ತಂದು, 2008ರ ಹೊತ್ತಿಗೆ ಅದನ್ನು ನಡೆಸುವ ಪ್ರೋಗ್ರಾಂ ತಾವೇ ಬರೆಯತೊಡಗಿದರು. ಅದೇ ಬೆಳೆದು ಇಂದು ಆಸ್ಮೊಕಾಮ್ ಎಂಬ ಯೋಜನೆಯಾಗಿದೆ. ಅಮೆರಿಕದಲ್ಲಿ ಓಪನ್‌ಬಿಟಿಎಸ್ ಬಂತು. ಆಮೇಲೆ ಐರ್ಲೆಂಡಿನಿಂದ ಎಸ್ಆರ್‌ಎಸ್ ತಂಡದ ಸಾಫ್ಟ್‌ವೇರ್, ಫ್ರಾನ್ಸಿನಿಂದ ಓಪನ್‌ಏರ್‌ಇಂಟರ್‌ಫೇಸ್, ಕೊರಿಯಾದಿಂದ ಓಪನ್5ಜಿಎಸ್ ಬಂದವು. ಇವೆಲ್ಲ ಓಪನ್ ಸೋರ್ಸ್. ಅಂದರೆ ಸೋರ್ಸ್ ಕೋಡನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು.

ಇದರಿಂದ ಏನು ಲಾಭ ಎಂದು ಕೇಳುವವರಿಗೆ ಮೆಕ್ಸಿಕೊ ದೇಶದ ವಹಾಕಾ ರಾಜ್ಯದ ತಲೇಯಾ ದೆ ಕಾಸ್ತ್ರೊ ಎಂಬ ಗುಡ್ಡಗಾಡಿನ ಊರನ್ನು ತೋರಿಸಬಹುದು. ಅಲ್ಲಿ ಮೊಬೈಲ್ ಸೇವೆ ಕೊಡಲು ದೊಡ್ಡ ಕಂಪನಿಗಳು ಮುಂದೆ ಬಂದಿರಲಿಲ್ಲ. 2013ರಲ್ಲಿ ರೈಜೊಮ್ಯಾಟಿಕಾ ಎಂಬ ಸಂಸ್ಥೆಯ ನೆರವಿನಿಂದ ಊರಿನವರೇ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿ ತಮ್ಮದೇ ನೆಟ್‌ವರ್ಕ್ ಕಟ್ಟಿಕೊಂಡರು. ಆಮೇಲೆ ಸುತ್ತಲಿನ ಹಳ್ಳಿಗಳೂ ಅದೇ ದಾರಿ ಹಿಡಿದವು. 2016ರಲ್ಲಿ ಅಲ್ಲಿನ ಸಮುದಾಯಗಳಿಗೆ ಸರ್ಕಾರದ ಲೈಸೆನ್ಸ್ ಕೂಡ ಸಿಕ್ಕಿತು.

ತೆರೆದರೂ ಜನ ಏಕೆ ಬರುವುದಿಲ್ಲ?

ಲಿನಕ್ಸ್‌ಗೆ ಸಾವಿರಾರು ಜನ ಬರುತ್ತಾರೆ. ಮೊಬೈಲ್ ನೆಟ್‌ವರ್ಕಿನ ಓಪನ್ ಸೋರ್ಸ್ ಯೋಜನೆಗಳಿಗೆ ಅಷ್ಟು ಜನ ಬರುವುದಿಲ್ಲ. ಬಳಸುವವರು ಬಹಳ, ದುಡಿಯುವವರು ಕಡಿಮೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ನಮ್ಮ ದಾದಿಯ ಮಗ್ಗ ನೆನಪಾಗುತ್ತದೆ.

ನವಲಗುಂದದ ಜಮಖಾನ ನಿಮಗೆಲ್ಲ ಗೊತ್ತು. ನವಿಲು, ಪಗಡೆಯ ಹಾಸು ಮುಂತಾದ ಚಿತ್ತಾರಗಳಿರುವ ಆ ಜಮಖಾನಕ್ಕೆ ಜಿಐ ಮಾನ್ಯತೆಯೂ ಇದೆ. ನೇಯುವವರು ನಮ್ಮ ಮನೆಗಳ ಹೆಣ್ಣುಮಕ್ಕಳು. ಹಿಂದೆ ಈ ವಿದ್ಯೆಯನ್ನು ಸೊಸೆಯಂದಿರಿಗೆ ಕಲಿಸುತ್ತಿದ್ದರು, ಹೊಟ್ಟೆಯ ಮಗಳಿಗೆ ಕಲಿಸುತ್ತಿರಲಿಲ್ಲ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋದರೆ ಗುಟ್ಟೂ ಅವಳ ಜೊತೆ ಹೋಗುತ್ತದೆ ಎಂಬ ಅಂಜಿಕೆ. ನನ್ನ ದಾದಿಯೂ ನಮ್ಮ ಫುಪ್ಪುಗೆ ಕಲಿಸಲಿಲ್ಲ. ಸೊಸೆಯಾದ ಅಮ್ಮಿಗೆ ಕಲಿಸಬೇಕೆಂದಿದ್ದರು, ಆದರೆ ಅಮ್ಮಿ ಅಂಗನವಾಡಿ ಕೆಲಸಕ್ಕೆ ಸೇರಿದರು. ಮಗ್ಗ ಮೂಲೆ ಸೇರಿತು. ಈಗ ದಾದಿ ಯಾರು ಕೇಳಿದರೂ ಕಲಿಸುತ್ತೇನೆ ಎನ್ನುತ್ತಾರೆ. ಕೇಳುವವರೇ ಇಲ್ಲ. ಮಗ್ಗಕ್ಕೆ ಜಾಗ ಬೇಕು, ಹತ್ತಿಯ ನೂಲು ಬೇಕು, ಕಲಿಯುವ ತಿಂಗಳುಗಳಲ್ಲಿ ಮನೆ ನಡೆಯಬೇಕು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಒಳಗೆ ಬರುವುದು ಎಲ್ಲರಿಗೂ ಸುಲಭವಾಗುವುದಿಲ್ಲ.

ಓಪನ್ ಸೋರ್ಸ್ ಮೊಬೈಲ್ ಸಾಫ್ಟ್‌ವೇರ್‌ನ ಕಥೆಯೂ ಇದೇ. ಅಲ್ಲಿ ಹೊಸಬರಿಗೆ ನಾಲ್ಕು ಅಡ್ಡಿಗಳಿವೆ.

ಮೊದಲನೆಯದು ಸಾಮಗ್ರಿ. ಲೆಕ್ಕದ ಆ್ಯಪ್ ಬರೆಯಲು ಒಂದು ಲ್ಯಾಪ್‌ಟಾಪ್ ಸಾಕು. ಬೇಸ್ ಸ್ಟೇಷನ್ ಪರೀಕ್ಷಿಸಲು ರೇಡಿಯೊ ಉಪಕರಣ ಬೇಕು, ಅದು ವಿದ್ಯಾರ್ಥಿಯ ಕೈಗೆ ಎಟಕುವ ಬೆಲೆಯದಲ್ಲ. ಎರಡನೆಯದು ಕಾನೂನು. ಮೊಬೈಲ್ ತರಂಗಗಳನ್ನು ಲೈಸೆನ್ಸ್ ಇಲ್ಲದೆ ಯಾರೂ ಹೊರಸೂಸುವಂತಿಲ್ಲ. ಮೂರನೆಯದು ಓದು. 3ಜಿಪಿಪಿ ನಿಯಮಗಳು ಸಾವಿರಾರು ಪುಟ, ಪ್ರತಿ ಸಾಲಿಗೂ ಸಂಕ್ಷಿಪ್ತ ಅಕ್ಷರಗಳ ಗುಂಪು. ನಾಲ್ಕನೆಯದು ಅಂಜಿಕೆ. ದೊಡ್ಡ ದೊಡ್ಡ ಎಂಜಿನಿಯರುಗಳ ನಡುವೆ ನಾನೇನು ಕೇಳಲಿ, ನನ್ನ ಇಂಗ್ಲಿಷ್ ನೋಡಿ ನಕ್ಕರೆ ಏನು ಮಾಡಲಿ ಎಂಬುದು. ನನ್ನ ಮಟ್ಟಿಗೆ ಮೊದಲ ಮೂರಕ್ಕಿಂತ ಈ ನಾಲ್ಕನೆಯದೇ ಎತ್ತರದ ಗೋಡೆ.

ಅಡ್ಡಿಗಳನ್ನು ತೆಗೆದವರು

ಜನರನ್ನು ಸೆಳೆಯಲು ಗೆದ್ದ ಯೋಜನೆಗಳು "ಬನ್ನಿ, ಬನ್ನಿ" ಎಂದು ಕೂಗಿ ಸುಮ್ಮನಾಗಲಿಲ್ಲ. ಒಂದೊಂದೇ ಅಡ್ಡಿ ತೆಗೆದವು.

ಆಸ್ಮೊಕಾಮ್ ಬಳಗದವರು 2010ರಲ್ಲಿ ಫೋನಿನ ಬೇಸ್‌ಬ್ಯಾಂಡ್‌ಗೂ ಮುಕ್ತ ಪ್ರೋಗ್ರಾಂ ಬರೆಯತೊಡಗಿದಾಗ ದುಬಾರಿ ಯಂತ್ರ ಆರಿಸಿಕೊಳ್ಳಲಿಲ್ಲ. ಮೊಟೊರೊಲಾ ಸಿ118, ಸಿ123ರಂಥ ಅಗ್ಗದ ಹಳೆಯ ಬಟನ್ ಫೋನುಗಳನ್ನು ಆರಿಸಿಕೊಂಡರು. ಮೂಲೆಯಲ್ಲಿ ಬಿದ್ದಿದ್ದ ಫೋನೇ ಕಲಿಯುವ ಉಪಕರಣವಾಯಿತು.

3ಜಿ ಸಾಫ್ಟ್‌ವೇರ್ ಬೆಳೆಸಬೇಕಾದಾಗ ಮತ್ತೆ ಅದೇ ತೊಂದರೆ ಎದುರಾಯಿತು: ಪರೀಕ್ಷಿಸುವವರ ಬಳಿ ಉಪಕರಣ ಇರಲಿಲ್ಲ. ಆಸ್ಮೊಕಾಮ್ ಬೆಳೆಸುವವರೇ ಬರ್ಲಿನ್‌ನಲ್ಲಿ ಕಟ್ಟಿದ ಸಿಸ್ಮೊಕಾಮ್ ಎಂಬ ಸಣ್ಣ ಕಂಪನಿ 2016–17ರಲ್ಲಿ ಒಂದು ಉಪಾಯ ಮಾಡಿತು. 50 ಫೆಮ್ಟೊಸೆಲ್‌ಗಳನ್ನು, ಅಂದರೆ ಒಂದು ಮನೆಗೆ ಸಾಕಾಗುವಷ್ಟು ಪುಟ್ಟ ಬೇಸ್ ಸ್ಟೇಷನ್‌ಗಳನ್ನು, ಉಚಿತವಾಗಿ ಕೊಡುತ್ತೇವೆ ಎಂದು ಪ್ರಕಟಿಸಿತು. ಬೇಡಿಕೆ ಒಂದೇ. ಇದನ್ನು ಇಟ್ಟುಕೊಂಡು ಯೋಜನೆಗೆ ಏನು ಮಾಡಿಕೊಡುತ್ತೀರಿ ಎಂದು ಬರೆದು ಕಳಿಸಬೇಕು. ಹೊಲಕ್ಕೆ ಬಂದ ಆಳಿಗೆ ಕುಡುಗೋಲನ್ನೂ ನಾವೇ ಕೊಟ್ಟಂತೆ ಇದು.

ಎಲ್ಲರಿಗೂ ಉಪಕರಣ ಕೊಡಲಾಗದು. ಆದ್ದರಿಂದ ಮುಂದಿನ ಹೆಜ್ಜೆಯಾಗಿ ಉಪಕರಣವೇ ಬೇಡದಂತೆ ಮಾಡಿದರು. ಇಂದು ಓಪನ್5ಜಿಎಸ್ ಎಂಬ ಕೋರ್ ಸಾಫ್ಟ್‌ವೇರನ್ನೂ, ಯುಇರಾನ್‌ಸಿಮ್ ಎಂಬ ಅಣಕು ಫೋನು ಹಾಗೂ ಅಣಕು ಟವರನ್ನೂ ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಕಬಹುದು. ತರಂಗ ಹೊರಡುವುದೇ ಇಲ್ಲ, ಎಲ್ಲವೂ ಸಾಫ್ಟ್‌ವೇರ್ ಒಳಗೇ ನಡೆಯುತ್ತದೆ. ಆದ್ದರಿಂದ ಲೈಸೆನ್ಸಿನ ಪ್ರಶ್ನೆಯೂ ಬರುವುದಿಲ್ಲ. ಮೇಲೆ ಹೇಳಿದ 001ರಿಂದ ಆರಂಭವಾಗುವ ಒಂದು ಗುರುತು ಸಂಖ್ಯೆಯನ್ನೂ ಅದರ ಗುಪ್ತ ಕೀಲಿಯನ್ನೂ ಕೋರ್‌ನಲ್ಲಿ ನಮೂದಿಸಿ, ಅವನ್ನೇ ಅಣಕು ಫೋನಿಗೂ ಕೊಟ್ಟರೆ ಅದು ನೆಟ್‌ವರ್ಕಿಗೆ ನೋಂದಣಿಯಾಗುತ್ತದೆ. ಆ ಹೊತ್ತಿನಲ್ಲಿ ಹೋಗಿಬರುವ ಸಂದೇಶಗಳನ್ನು ವೈರ್‌ಶಾರ್ಕ್ ಎಂಬ ಇನ್ನೊಂದು ಮುಕ್ತ ಸಾಫ್ಟ್‌ವೇರ್‌ನಲ್ಲಿ ಒಂದೊಂದಾಗಿ ಓದಬಹುದು. ಆ ರಾತ್ರಿ ಮಾಳಿಗೆಯ ಮೇಲೆ ನನ್ನ ಫೋನು ಏನು ಮಾಡಲು ಹೆಣಗಾಡುತ್ತಿತ್ತು ಎಂಬುದು ನನಗೆ ತಿಳಿದದ್ದು ಹೀಗೆ ನೋಡಿದಾಗ.

ನನ್ನ ಮೊದಲ ಕೊಡುಗೆ ಒಂದು ಸಾಲು

ಅಂಜಿಕೆಯ ಗೋಡೆಯ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ಎರಡನೆಯ ವರ್ಷದಲ್ಲಿದ್ದಾಗ ಇಂಥದ್ದೇ ಒಂದು ಯೋಜನೆಯ ಕೈಪಿಡಿ ಹಿಡಿದು ಸಾಫ್ಟ್‌ವೇರ್ ಹಾಕಲು ಹೋದೆ. ಆರನೆಯ ಹಂತದಲ್ಲಿ ನಿಂತಿತು. ಎರಡು ದಿನ ನನ್ನದೇ ತಪ್ಪು ಎಂದು ಹುಡುಕಿದೆ. ಆಮೇಲೆ ಗೊತ್ತಾಯಿತು, ಕೈಪಿಡಿಯಲ್ಲಿ ಒಂದು ಆಜ್ಞೆ ಬಿಟ್ಟುಹೋಗಿತ್ತು. ಬರೆದವರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಬರೆಯುವುದೇ ಮರೆತಿತ್ತು.

ತಿಳಿಸಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ನಾಲ್ಕು ಸಾಲು ಬರೆದು ಕಳಿಸಿದೆ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ನನ್ನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ. ಮರುದಿನ ಉತ್ತರ ಬಂತು. ಧನ್ಯವಾದ ಹೇಳಿ, ಆ ಸಾಲನ್ನು ನೀನೇ ಸೇರಿಸಿ ಕಳಿಸುತ್ತೀಯಾ ಎಂದು ಕೇಳಿದ್ದರು. ಸೇರಿಸಿದೆ. ಒಂದೇ ಸಾಲು. ಆದರೆ ಇಂದಿಗೂ ಆ ಕೈಪಿಡಿ ತೆರೆದವರು ಆರನೆಯ ಹಂತದಲ್ಲಿ ನಿಲ್ಲುವುದಿಲ್ಲ.

ಇದರಿಂದ ನಾನು ಎರಡು ಮಾತು ಕಲಿತೆ. ಹೊಸಬರಿಗೆ ಕಾಣುವ ತಪ್ಪು ಹಳಬರಿಗೆ ಕಾಣುವುದಿಲ್ಲ, ಹಾಗಾಗಿ ನಮ್ಮ ತಿಳಿಯದಿರುವಿಕೆಯೂ ಒಂದು ಬಂಡವಾಳ. ಎರಡನೆಯದು, ನನ್ನನ್ನು ಆ ಯೋಜನೆಯಲ್ಲಿ ಉಳಿಸಿದ್ದು ಅದರ ಹೆಸರಲ್ಲ, ಮರುದಿನವೇ ಬಂದ ಆ ಉತ್ತರ. ಒಂದು ತಿಂಗಳು ಉತ್ತರ ಬರದಿದ್ದರೆ ನಾನು ಮತ್ತೆ ಅತ್ತ ತಲೆ ಹಾಕುತ್ತಿರಲಿಲ್ಲ. ಜನ ಬೇಕು ಎನ್ನುವ ಯಾವುದೇ ಯೋಜನೆಗೆ, ಕಾಲೇಜಿನ ಸಂಘಕ್ಕೂ ಸಹ, ಇದು ಅನ್ವಯಿಸುತ್ತದೆ. ಸಣ್ಣ ಕೆಲಸ ತೋರಿಸಬೇಕು, ಬೇಗ ಉತ್ತರ ಕೊಡಬೇಕು, ಮಾಡಿದ್ದನ್ನು ಮಾಡಿದವರ ಹೆಸರಿನಲ್ಲೇ ದಾಖಲಿಸಬೇಕು.

ನಮ್ಮ ಸೀಮೆಗೆ ಇದು ಹೊಸದಲ್ಲ

"ಇದೆಲ್ಲ ಬೆಂಗಳೂರಿನವರ ಕೆಲಸ, ಅಣ್ಣಿಗೇರಿ, ಕುಂದಗೋಳದವರಿಗೆ ಯಾಕೆ?" ಎಂದು ಯಾರಾದರೂ ಅಂದರೆ ಅವರಿಗೆ ಕಿತ್ತೂರನ್ನು ನೆನಪಿಸಿ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲೇ ಸಿಗುವ ಚನ್ನಮ್ಮನ ಊರು. ಸ್ಯಾಮ್ ಪಿತ್ರೋಡ ಮುಂದಾಳತ್ವದಲ್ಲಿ 1984ರಲ್ಲಿ ಆರಂಭವಾದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ ಹಳ್ಳಿಗಳಿಗೆಂದೇ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿತು. ಅದು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ಇದು ನಮ್ಮ ಬಿಸಿಲು, ಧೂಳು ತಡೆದುಕೊಂಡು ಎಸಿ ಇಲ್ಲದೆ ನಡೆಯುವಂತೆ ಮಾಡಿದ ಯಂತ್ರ. ಮಾಡಿದವರಲ್ಲಿ ಹೆಚ್ಚಿನವರು ಆಗತಾನೇ ಓದು ಮುಗಿಸಿದ ಎಂಜಿನಿಯರುಗಳು. ಅದು ಓಪನ್ ಸೋರ್ಸ್ ಆಗಿರಲಿಲ್ಲ, ನಿಜ. ಆದರೆ ಹಳ್ಳಿಯ ತೊಂದರೆ ತಿಳಿದು ಮಾಡಿದರೆ ಯಂತ್ರದ ರೂಪವೇ ಬೇರೆಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಈಗ ಎಸ್ಎಂಎಸ್ ನೋಡಿ. ಒಂದು ಎಸ್ಎಂಎಸ್‌ನಲ್ಲಿ 140 ಬೈಟ್ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಅದು 160 ಅಕ್ಷರ. ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ 70ಕ್ಕೆ ಮುಗಿಯುತ್ತದೆ, ಅದರಲ್ಲಿ ಕೊಂಬು, ಇಳಿ, ಒತ್ತುಗಳೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ಕನ್ನಡ, ಉರ್ದು ಸೇರಿದಂತೆ ಭಾರತದ ಹಲವು ಭಾಷೆಗಳನ್ನು ಕಡಿಮೆ ಜಾಗದಲ್ಲಿ ಕಳಿಸುವ ಕೋಷ್ಟಕಗಳು 3ಜಿಪಿಪಿ ನಿಯಮದಲ್ಲೇ ಇವೆ. ಅವು ಒಂದು ಸಾಫ್ಟ್‌ವೇರ್‌ನಲ್ಲಿ ಇವೆಯೇ, ಸರಿಯಾಗಿ ನಡೆಯುತ್ತವೆಯೇ ಎಂದು ಪರೀಕ್ಷಿಸಲು ಬರ್ಲಿನ್‌ನಲ್ಲಿ ಕುಳಿತವರಿಗೆ ಕಷ್ಟ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಓದಿದ ನಮಗೆ ಅದು ಒಂದು ಮಧ್ಯಾಹ್ನದ ಕೆಲಸ.

ನೀವು ಎಲ್ಲಿಂದ ಆರಂಭಿಸಬಹುದು?

ವಿಜ್ಞಾನ ವಿಭಾಗದವರು ಸರ್ ಅವರನ್ನು ಕೇಳಿ ಲ್ಯಾಬಿನ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಳ್ಳಿ. ಮೊದಲು ಕೈಪಿಡಿ ಓದಿಕೊಂಡು ಮೇಲೆ ಹೇಳಿದ ಅಣಕು ನೆಟ್‌ವರ್ಕ್ ನಡೆಸಿ. ಎಲ್ಲಿ ನಿಂತಿತೋ ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ನೋಟ್‌ಬುಕ್ಕೇ ನಿಮ್ಮ ಮೊದಲ ಕೊಡುಗೆಯಾಗಬಹುದು.

ಆರ್ಟ್ಸ್, ಕಾಮರ್ಸ್ ಓದುವವರು ಇದು ನಮ್ಮದಲ್ಲ ಎಂದು ಪುಟ ತಿರುಗಿಸಬೇಡಿ. ಈ ಯೋಜನೆಗಳಲ್ಲಿ ಕೋಡಿಗಿಂತ ಕೊರತೆ ಇರುವುದು ವಿವರಣೆಗೆ. ಸ್ಪಷ್ಟವಾಗಿ ಬರೆಯುವವರು, ಚಿತ್ರ ಬಿಡಿಸಿ ತೋರಿಸುವವರು, ಕನ್ನಡಕ್ಕೆ ತರುವವರು ಬೇಕು.

ಸರ್, ಮೇಡಂ ಅವರಲ್ಲಿ ಒಂದು ವಿನಂತಿ. ವಾರಕ್ಕೆ ಒಂದು ಗಂಟೆ ಲ್ಯಾಬ್ ಬಿಟ್ಟುಕೊಡಿ. ಮಕ್ಕಳು ಬರೆಯುವ ಮೊದಲ ಪತ್ರವನ್ನು ಇಂಗ್ಲಿಷ್ ಮೇಡಂ ಒಮ್ಮೆ ನೋಡಿಕೊಟ್ಟರೆ ನಾಲ್ಕನೆಯ ಗೋಡೆ ಅರ್ಧ ಬಿದ್ದಂತೆ.

ಒಂದು ಎಚ್ಚರಿಕೆಯ ಮಾತು. ಯಾರಾದರೂ ರೇಡಿಯೊ ಉಪಕರಣ ತಂದು ನಿಜವಾದ ಮೊಬೈಲ್ ತರಂಗ ಹೊರಡಿಸೋಣ ಎಂದರೆ ಒಪ್ಪಬೇಡಿ. ಅದು ಅಪರಾಧ. ಅಕ್ಕಪಕ್ಕದವರ ತುರ್ತು ಕರೆಗೂ ಅಡ್ಡಿಯಾಗಬಹುದು. ಕಲಿಯಲು ಅಣಕು ನೆಟ್‌ವರ್ಕ್ ಸಾಕು.

ಹದಿನೆಂಟು ತುಂಬಿದ ಮೇಲೆ ಇದೇ ಕೆಲಸಕ್ಕೆ ಗೌರವಧನ ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್, ಔಟ್‌ರೀಚಿಯಂಥ ಕಾರ್ಯಕ್ರಮಗಳಿವೆ. ಅರ್ಜಿ ಹಾಕುವಾಗ ಅವರು ನೋಡುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಈಗಾಗಲೇ ಮಾಡಿರುವ ಸಣ್ಣ ಕೆಲಸಗಳನ್ನು. ಆ ಸಣ್ಣ ಕೆಲಸಗಳನ್ನು ಇಂದೇ ಆರಂಭಿಸಬಹುದು.

ಇಷ್ಟರಿಂದ ನಾಳೆಯೇ ನಮ್ಮ ಹಳ್ಳಿಯ ಸಿಗ್ನಲ್ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಟವರು ಎಲ್ಲಿ ಹಾಕಬೇಕು ಎಂಬುದು ಬೇರೆಯವರ ಕೈಯಲ್ಲಿದೆ. ಆದರೆ ಆ ಸಾಫ್ಟ್‌ವೇರ್ ಬರೆಯುವವರ ನಡುವೆ ಮಾಳಿಗೆ ಹತ್ತಿ ಫೋನ್ ಮೇಲೆತ್ತಿ ನಿಂತವರೂ ಇದ್ದರೆ, ಅವರು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಈ ರಜೆಯಲ್ಲಿ ಊರಿಗೆ ಬಂದಾಗ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ಒಂದು ಶನಿವಾರ ನಮ್ಮ ಲ್ಯಾಬಿನಲ್ಲಿ ಆಸಕ್ತರ ಜೊತೆ ಕುಳಿತು ಅಣಕು ನೆಟ್‌ವರ್ಕ್ ನಡೆಸಿ ತೋರಿಸುವುದು. ಸರ್ ಒಪ್ಪಿದ್ದಾರೆ, ಹೆಸರು ಅವರಲ್ಲಿ ಬರೆಸಿ. ಇನ್ನೊಂದು, ದಾದಿಯ ಮಗ್ಗದ ಧೂಳು ಒರೆಸುವುದು. ಕಲಿಸಲು ದಾದಿ ಸಿದ್ಧರಿದ್ದಾರೆ. ಕಲಿಯಲು ನಾನೂ ನಮ್ಮ ಫುಪ್ಪುವೂ ಬರುತ್ತೇವೆ ಎಂದು ಹೇಳಿದ್ದೇವೆ.